ಇಮಾಂಬಕ್ಕನ ಬೇವು, ನನ್ನ ಬಿಸಿನೀರು

ಇಮಾಂಬಕ್ಕ, ನಿಮ್ಮ ಬೇವಿನ ಮರಕ್ಕೆ ಯಾವ ರೋಗವೂ ಇರಲಿಲ್ಲ. ಬೇರು ಕೊಳೆತಿದೆ ಎಂದು ನಾನು ಹೇಳಿದ್ದು ಸುಳ್ಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನ ಮಾತೆಂದು ನೀವು ನಂಬಿದಿರಿ — ನಂಬುತ್ತೀರೆಂದು ಗೊತ್ತಿದ್ದೇ ಹೇಳಿದೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ವಿದ್ಯಾನಗರದ ನಮ್ಮ ಹೊಸ ಮನೆಯ ತಾರಸಿಗೆ ಸೋಲಾರ್ ಹೀಟರ್ ಹಾಕಿಸಿದ್ದೆ. ನಮ್ಮ ಬೀದಿಗೆ ಅದೇ ಮೊದಲು. ಸೌದೆ ಬೇಡ, ಕರೆಂಟು ಬೇಡ, ಹೊಗೆಯಿಲ್ಲ — ಬಂದವರನ್ನೆಲ್ಲ ಮೆಟ್ಟಿಲು ಹತ್ತಿಸಿ ತೋರಿಸುತ್ತಿದ್ದೆ. ಸೂರ್ಯ ಎಲ್ಲರ ಸ್ವತ್ತು ಎಂದು ತರಗತಿಯಲ್ಲಿ ಭಾಷಣ ಬೇರೆ. ಆದರೆ ಮಧ್ಯಾಹ್ನ ತಿರುಗಿದರೆ ಸಾಕು, ನಮ್ಮ ಮನೆಯ ಹಿಂದಿದ್ದ ನಿಮ್ಮ ತಗಡಿನ ಮನೆಯ ಬೇವು ಅದರ ಮೇಲೆ ನೆರಳು ಚೆಲ್ಲುತ್ತಿತ್ತು. ನೀರು ಉಗುರುಬೆಚ್ಚಗೇ ಉಳಿಯುತ್ತಿತ್ತು. ಹೆಂಡತಿ ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು — ಮರದ ಮೇಲೆ, ನಿಮ್ಮ ಮೇಲೆ.

ಕೊಂಬೆ ಸವರಿಸಿ ಎಂದು ಕೇಳಬಹುದಿತ್ತು. ನೀವು ಇಲ್ಲವೆನ್ನುತ್ತಿರಲಿಲ್ಲ. ಆದರೆ ಮರದ ಕೆಳಗೆ ಕೂತು ಗಾದಿ ಹೊಲಿಯುವವರ ಮುಂದೆ ಲೆಕ್ಚರರ್ ಕೈಯೊಡ್ಡುವುದೇ? ಅಷ್ಟು ಸಣ್ಣವನಾಗಿದ್ದೆ. ಬುಡ ಪರೀಕ್ಷಿಸಿದಂತೆ ನಟಿಸಿ ಹೇಳಿದೆ: “ಬೇರು ಕೊಳೆತೈತೆ ಇಮಾಂಬಕ್ಕ. ಮಳೆಗಾಲಕ್ಕೆ ಬೀಳ್ತೈತೆ. ರಜೆಗೆ ಬರೋ ಮೊಮ್ಮಕ್ಕಳು ಕೆಳಗೇ ಆಡ್ತಾವೆ, ನೋಡ್ಕೊಳ್ರಿ.”

ಮೊಮ್ಮಕ್ಕಳ ಹೆಸರು ತೆಗೆದ ಮೇಲೆ ನೀವು ಇನ್ನೇನು ಯೋಚಿಸುತ್ತೀರಿ? ಕೂಡಲೇ ಆಳು ಕರೆಸಿದಿರಿ. “ಮರ ಗಟ್ಟಿ ಐತಲ್ಲಬೇ, ಯಾಕ ಕಡಿಸ್ತಿ?” ಎಂದು ಅವನು ಕೇಳಿದ. “ಮೇಷ್ಟ್ರು ಓದಿದೋರು, ನೋಡೇ ಹೇಳ್ಯಾರ,” ಎಂದಿರಿ. ನಾನು ಕಿಟಕಿ ಮುಚ್ಚಿಕೊಂಡೆ.

ನೆರಳು ಹೋದರೇನು, ಒಳಗೆ ಫ್ಯಾನ್ ಹಾಕಿಕೊಂಡು ಹೊಲಿಯುತ್ತಾರೆ ಎಂದುಕೊಂಡಿದ್ದೆ. ಅರಳೆ ಬಿಡಿಸುವ ಕಡೆ ಫ್ಯಾನ್ ತಿರುಗಿಸುವಂತಿಲ್ಲ, ಎಲ್ಲ ಹಾರಿಹೋಗುತ್ತದೆ — ಹತ್ತಿ ಮಿಲ್ಲುಗಳ ದಾವಣಗೆರೆಯಲ್ಲೇ ಹುಟ್ಟಿದವನಿಗೆ ಇಷ್ಟೂ ಹೊಳೆಯಲಿಲ್ಲ. ಕಾದ ತಗಡಿನ ಕೆಳಗೆ, ಗಾಳಿ ಬರದಂತೆ ಬಾಗಿಲು ಮುಚ್ಚಿ ನೀವು ದುಡಿದಿರಿ. ನಿಮ್ಮ ಕೆಮ್ಮು ನಮ್ಮ ಬಚ್ಚಲಿಗೆ ಕೇಳುತ್ತಿತ್ತು. ನಾನು ಕುದಿಕುದಿ ನೀರಿಗೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುತ್ತಿದ್ದೆ.

ಮುಂದಿನ ಬೇಸಿಗೆ ನಿಮಗೆ ತಡೆಯಲಾಗಲಿಲ್ಲ. ಕಸುಬು ಬಿಟ್ಟು, ಹರಿಹರದ ಪಕ್ಕದ ಗುತ್ತೂರಿನಲ್ಲಿದ್ದ ಮಗಳ ಮನೆ ಸೇರಿದಿರಿ. ಹೊರಡುವ ಮುಂಚೆ ಹೊಸ ಗಾದಿಯೊಂದನ್ನು ಹೊತ್ತು ನಮ್ಮ ಬಾಗಿಲಿಗೆ ಬಂದಿರಿ. “ನಿಮ್ಮಿಂದ ಮಕ್ಕಳು ಉಳಿದ್ವು ಮೇಷ್ಟ್ರೆ. ಬ್ಯಾಡ ಅನಬ್ಯಾಡ್ರಿ.” ಆಗಲಾದರೂ ಬಾಯಿ ತೆರೆಯಬಹುದಿತ್ತು. ಗಾದಿ ಇಸಿದುಕೊಂಡೆ. ಥ್ಯಾಂಕ್ಸ್ ಎಂದೂ ಹೇಳಿದೆ.

ಹೆಂಡತಿಗೂ ಹೇಳಲಿಲ್ಲ. ಈಗ ಅವಳಿಲ್ಲ, ತೀರಿಕೊಂಡಳು. ಒಬ್ಬನಿಗೆ ಎಷ್ಟು ಬಿಸಿನೀರು ಬೇಕು, ಇಮಾಂಬಕ್ಕ? ಟ್ಯಾಂಕು ತುಂಬ ಕಾದ ನೀರು ಹಾಗೇ ಇರುತ್ತದೆ. ಕೆಳಗೆ ಮನೆಯಲ್ಲಿ ಮಾತಾಡಲು ಜನವಿಲ್ಲ. ಮನಸ್ಸಿನಲ್ಲಿ ನಿಮಗೆ ಎಷ್ಟು ಸಲ ಇದನ್ನೆಲ್ಲ ಹೇಳಿದ್ದೇನೆ, ಎಷ್ಟು ಸಲ ಗುತ್ತೂರಿನ ಬಸ್ಸಿಗೆಂದು ಹೊರಟು ಹಿಂದಿರುಗಿದ್ದೇನೆ —

ನೀವಿನ್ನೂ ಇದ್ದೀರೆಂದು ನಿಮ್ಮ ಕಡೆಯವರೊಬ್ಬರು ಹೇಳಿದರು. ಈ ಸಲ ಬರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗೇ ನಿಲ್ಲುತ್ತೇನೆ. ಎಲ್ಲ ಕೇಳಿದ ಮೇಲೂ ನೀವು “ಕೂಡ್ರಿ ಮೇಷ್ಟ್ರೆ, ಚಾ ಕುಡೀರಿ” ಎಂದುಬಿಟ್ಟರೆ — ಇಷ್ಟು ವರ್ಷ ನಾನು ಹೆದರಿದ್ದು ಅದಕ್ಕೇ.