ಅಕ್ಕನ ಕಾವಲಿಗೆ ಕೂತು ತಿಂದದ್ದು

ಹೋಟೆಲಿಗೆ ಹೋಗಿ ಬಂದಾಗಲೆಲ್ಲ ನಾನು ‘ಊಟ ಮಾಡಿದೆ’ ಎನ್ನುವುದಿಲ್ಲ, ‘ಬರೇ ರುಚಿ ನೋಡಿದೆ’ ಎನ್ನುತ್ತೇನೆ. ಮನೆಯಲ್ಲಿ ಮಾಡಿಟ್ಟ ಅಡುಗೆಗೆ ಅವಮಾನವಾಗಬಾರದಲ್ಲ! ಆದರೆ ಹೋದ ಚಳಿಗಾಲದಲ್ಲಿ ಕೊಪ್ಪಳದ ಓಣಿ ಓಣಿಯ ರುಚಿ ನೋಡುವ ಯೋಗ ಕೂಡಿಬಂದದ್ದು ನನ್ನ ನಾಲಿಗೆಯ ದೆಸೆಯಿಂದಲ್ಲ, ನೀಲಕ್ಕನ ದೆಸೆಯಿಂದ.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಇದೇ ಊರಿನ ಶಾಲೆಯಲ್ಲಿ ಟೀಚರಾಗಿದ್ದು ಈಚೆಗೆ ನಿವೃತ್ತಳಾದವಳು. ಗಂಡ ತೀರಿಕೊಂಡು ವರ್ಷಗಳೇ ಆದವು, ಮಕ್ಕಳಿಲ್ಲ. ಬಳಗದವರ ಗೃಹಪ್ರವೇಶದಲ್ಲಿ ಅವಳಿಗೆ ಕುಷ್ಟಗಿಯ ಶೇಖರಪ್ಪನವರ ಪರಿಚಯವಾಯಿತು. ದಾಳಿಂಬೆ ತೋಟದವರು, ಅವರೂ ಹೆಂಡತಿಯನ್ನು ಕಳೆದುಕೊಂಡವರು. ಒಂದು ದಿನ ಅಕ್ಕ, ‘ಅವರ ಜೋಡಿ ನಾಕು ಮಾತು ಆಡಬೇಕು. ಮನಿಗೆ ಕರದ್ರ ಜನ ನೂರು ಮಾತಾಡ್ತಾರ. ಹೋಟೆಲ್‌ನ್ಯಾಗ ಭೇಟಿ ಆಗ್ತೀನಿ, ನೀ ಜೋಡಿ ಬಾ’ ಅಂದಳು. ಹರೆಯದಲ್ಲಿ ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಾಟು ಹಿಡಿದು ತಲೆ ತಗ್ಗಿಸಿ ನಿಂತಿದ್ದವಳು, ಈಗ ತಾನೇ ನೋಡಲು ಹೊರಟಿದ್ದಳು! ನನಗೆ ಕುತೂಹಲ ತಡೆಯಲಾಗಲಿಲ್ಲ.

ಮೊದಲ ಭೇಟಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ. ಕಾವಲಿಗೆ ಬಂದವನ ಕಣ್ಣು ತೆರೆದಿರಬೇಕು, ಕಿವಿ ಮುಚ್ಚಿರಬೇಕು, ಬಾಯಿ ಆಡುತ್ತಿರಬೇಕು. ಮೂರನೆಯದನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದೆ. ಅರ್ಧ ದೋಸೆಯಾದ ಮೇಲೆ ಶೇಖರಪ್ಪ, ‘ನಿಮಗ ರೊಟ್ಟಿ ಬಡಿಯಾಕ ಬರ್ತೈತೇನ್ರಿ?’ ಅಂದರು.

ಅಕ್ಕನ ಮುಖ ಬಿಗಿಯಿತು. ‘ಬರ್ತೈತ್ರಿ. ಯಾಕ?’

‘ಆಕಿ ಹೋದ ಮ್ಯಾಲ ನಾನೂ ಕಲ್ತೀನ್ರಿ. ಆದ್ರ ಒಬ್ಬರು ಬಡೀಬೇಕು, ಒಬ್ಬರು ಬೇಯಿಸ್ಬೇಕು. ಒಬ್ಬನೇ ಮಾಡಿದ್ರ ರೊಟ್ಟಿ ಹೊತ್ತಿ ಹೋಗ್ತೈತಿ ನೋಡ್ರಿ.’

ಅಕ್ಕ ನಕ್ಕಳು. ಅಷ್ಟರಲ್ಲಿ ಅಕ್ಕನ ಪಕ್ಕದ ಮನೆಯವರು ಒಳಗೆ ಬಂದದ್ದರಿಂದ ಮೂವರೂ ಚಹಾ ಬಿಟ್ಟು ಎದ್ದೆವು.

ಹೀಗಾಗಿ ಪ್ರತಿ ಭೇಟಿಗೂ ಬೇರೆ ಓಣಿ. ಸ್ಟೇಷನ್ ಕಡೆಯ ಖಾನಾವಳಿಯಲ್ಲಿ ನಾನು ಪಾಂಡಿತ್ಯ ತೆರೆದೆ. ‘ಖಾನಾ’ ನಿಜಾಮನ ಕಾಲದ ಉರ್ದು, ‘ಆವಳಿ’ ನಮ್ಮ ದೀಪಾವಳಿಯದೇ ಸಂಸ್ಕೃತ. ಎರಡು ಬೇರೆ ಮನೆತನದ ಶಬ್ದಗಳು ಕೂಡಿ ಸಂಸಾರ ಮಾಡುತ್ತಿಲ್ಲವೇ? ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ಅವರಿಬ್ಬರಂತೂ ಕೇಳಿಸಿಕೊಳ್ಳಲೇ ಇಲ್ಲ. ಪುಂಡಿಪಲ್ಯಕ್ಕೆ ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಎಂದು ವಾದಕ್ಕೆ ಬಿದ್ದಿದ್ದರು.

ಕೊನೆಗೆ ಗದಗ ರಸ್ತೆಯ ಹೊಸ ರೆಸ್ಟೋರೆಂಟು. ಎದುರು ಕೂತವರ ಮುಖವೂ ಸರಿಯಾಗಿ ಕಾಣದಷ್ಟು ಮಂದ ಬೆಳಕು. ಇಲ್ಲಿ ಯಾರೂ ಗುರುತು ಹಿಡಿಯಲಾರರೆಂದು ಸೂಪು ಬಾಯಿಗಿಡುತ್ತಿದ್ದೆ. ‘ಟೀಚರ್!’ ಎಂದು ಮಗುವನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಓಡಿಬಂದು ಅಕ್ಕನ ಕಾಲು ಮುಟ್ಟಿದಳು. ಹಳೆಯ ವಿದ್ಯಾರ್ಥಿನಿ. ಶೇಖರಪ್ಪನವರನ್ನು ನೋಡಿ, ‘ಇವರು ಯಾರ್ರಿ ಟೀಚರ್?’ ಅಂದಳು.

‘ನನ್ನ ಗೆಳೆಯರು’ ಎಂದೆ ನಾನು, ಅವಸರದಲ್ಲಿ.

‘ಸುಳ್ಳು ಯಾಕ ಹೇಳ್ತೀಯೋ?’ ಅದು ತರಗತಿಯ ದನಿ. ಅಕ್ಕ ಅವಳತ್ತ ತಿರುಗಿದಳು. ‘ಇವರು ಕುಷ್ಟಗಿ ಶೇಖರಪ್ಪ ಅಂತ. ನಾವಿಬ್ಬರೂ ಲಗ್ನ ಆಗಬೇಕಂತ ಮಾಡೇವಿ.’

ಶೇಖರಪ್ಪನವರ ಕೈಯಲ್ಲಿದ್ದ ಹಪ್ಪಳ ಮುರಿಯಿತು. ‘ವಿಚಾರ ಮಾಡಿ ಹೇಳ್ತೀನಿ ಅಂದಿದ್ರಿ...’

‘ಈಗ ಹೇಳಿದ್ನಲ್ರಿ’ ಎಂದಳು ಅಕ್ಕ. ದನಿ ಗಟ್ಟಿಯಾಗಿತ್ತು. ಆ ಹುಡುಗಿ ‘ಭಾಳ ಛಲೋ ಆತ್ರಿ ಟೀಚರ್’ ಎಂದು ಇನ್ನೊಮ್ಮೆ ಬಗ್ಗಿದಳು. ಈ ಸಲ ಇಬ್ಬರ ಕಾಲಿಗೂ.

ಮದುವೆಯಾದ ಮೇಲೆ ಒಮ್ಮೆ ಕುಷ್ಟಗಿಗೆ ಹೋಗಿದ್ದೆ. ಹೊಸದಾಗಿ ಬಂದವಳನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಸುಳಿದಾಡುತ್ತಿದ್ದರು. ‘ಅಲ್ಲಿ ನಿಂತ್ರ ಏನ್ ಕಾಣ್ತೈತ್ರಿ? ಒಳಗ ಬರ್ರಿ’ ಎಂದು ಅಕ್ಕ ಕರೆದು ಕೂರಿಸಿದಳು. ಚಹಾದ ಕಪ್ಪು ಬರಿದಾಗುವ ಮೊದಲೇ ಮಾತು ಅವರವರ ಸೊಸೆಯಂದಿರ ಕಡೆ ಹೊರಳಿತ್ತು. ಜನರ ಕುತೂಹಲವೂ ಒಂದು ಹಸಿವೆಯೇ ಇರಬೇಕು. ಬಚ್ಚಿಟ್ಟರೆ ಊರೆಲ್ಲ ಅಲೆಯುತ್ತದೆ. ಕೂರಿಸಿ ಬಡಿಸಿದರೆ ಎರಡು ತುತ್ತಿಗೆ ತೇಗಿಬಿಡುತ್ತದೆ.