ದುಆ ಮಾಡಲು ಫೋಟೋ ಬೇಡ

ಮಾಮಿ, ಎಂದರೆ ನನ್ನ ಗಂಡನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ ದಿನ ನನ್ನ ಬಾಯಿಂದ ಮೊದಲು ಬಂದ ಮಾತು ದೇವರ ಸ್ತುತಿಯದು, ಅಲ್‌ಹಮ್ದುಲಿಲ್ಲಾಹ್. ಕೇಳಿದವರಿಗೆ ವಿಚಿತ್ರ ಎನಿಸಬಹುದು. ತಲೆಗೆ ಪೆಟ್ಟಾಗಿರಲಿಲ್ಲ. ನಾನು ಮನೆಯಲ್ಲೇ ಇದ್ದೆ. ಪಕ್ಕದ ಮನೆಯವರ ಕಾರು ಅಂಗಳದಲ್ಲೇ ನಿಂತಿತ್ತು, ನಮ್ಮೂರು ಕಬಕದಿಂದ ಪುತ್ತೂರಿನ ಆಸ್ಪತ್ರೆಗೆ ಹೋಗುವುದು ತಡವಾಗಲಿಲ್ಲ. ಕೊಟ್ಟದ್ದನ್ನು ಮೊದಲು ಎಣಿಸಬೇಕು, ಹೋದದ್ದನ್ನು ಆಮೇಲೆ. ನಾನು ಬದುಕಿದ್ದು ಹಾಗೆಯೇ.

ಆಪರೇಷನ್ ಆಗಿ ಮನೆಗೆ ಬರುವಾಗ ಡಾಕ್ಟರು ಒಂದೇ ಮಾತು ಒತ್ತಿ ಹೇಳಿದ್ದರು: ವಾಕರ್ ಹಿಡಿದು ದಿನವೂ ನಡೆಯಬೇಕು, ಈ ವಯಸ್ಸಿನಲ್ಲಿ ಮಲಗಿದವರು ಮಲಗಿಯೇ ಉಳಿಯುತ್ತಾರೆ. ಮಾಮಿ ಹಟವಾದಿ. ಹಲ್ಲು ಕಚ್ಚಿಕೊಂಡು ಮಂಚದಿಂದ ಅಡುಗೆಮನೆಯ ಬಾಗಿಲವರೆಗೆ ಬಂದು, "ಸಾರಿಗೆ ಉಪ್ಪು ಹಾಕಿದ್ದೀಯಾ?" ಎಂದು ಕೇಳಿ ಹೋಗುವಷ್ಟಾದರು.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಹಿಂದೆ ಬ್ರೆಡ್ಡು, ಕಿತ್ತಳೆ ಹಿಡಿದು ಬಂದವರು ಕಾಲ ಬುಡದಲ್ಲಿ ಕೂತು, ಕಾಲು ನೀವಿ, ಊರಿನ ಸುದ್ದಿ ಹೇಳಿ, ಬೇಗ ವಾಸಿಯಾಗಲೆಂದು ದುಆ ಮಾಡಿ ಏಳುತ್ತಿದ್ದರು. ಈಗ ಕಿತ್ತಳೆ ಮೇಜಿಗೆ ಬೀಳುವ ಮೊದಲೇ ಫೋನ್ ಹೊರಗೆ ಬರುತ್ತದೆ. "ದುಬೈಯಲ್ಲಿರುವ ಮಗಳಿಗೆ ನೋಡ್ಬೇಕಂತೆ" ಎಂದು ಮಾಮಿಯ ಮೂಗಿಗೆ ತಾಗುವಂತೆ ಹಿಡಿಯುತ್ತಾರೆ. "ಯಾರಂತ ಗೊತ್ತಾಯ್ತಾ? ಹೇಳಿ ನೋಡುವ!" ಎಲುಬು ಮುರಿದವರಿಗೆ ಪರೀಕ್ಷೆ! ಹಿಡಿದದ್ದು ಓರೆಯಾಗಿ ಆ ಕಡೆಯವರಿಗೆ ಕಾಣುವುದು ನಮ್ಮ ಫ್ಯಾನು ಮಾತ್ರ. ಬಂದವರು ಹೋದ ಮೇಲೆ ಮಾಮಿ, "ಅವರು ನನ್ನನ್ನು ನೋಡಲು ಬಂದದ್ದಾ, ತೋರಿಸಲು ಬಂದದ್ದಾ?" ಎಂದು ನಗುತ್ತಿದ್ದರು. ಅಲ್ಲಿಯವರೆಗೆ ನಗು ಇತ್ತು.

ಒಂದು ಮಧ್ಯಾಹ್ನ ಈಶ್ವರಮಂಗಲದಿಂದ ನನ್ನ ನಾದಿನಿ, ಮಾಮಿಯ ಒಬ್ಬಳೇ ಮಗಳು, ಬಂದಳು. ನಾನು ಒಳಗೆ ಚಹಾ ಮಾಡುತ್ತಿದ್ದೆ. ಮಾಮಿಗೆ ನಿದ್ದೆ. ತಲೆವಸ್ತ್ರ ಜಾರಿತ್ತು, ಹಲ್ಲಿನ ಸೆಟ್ಟು ಲೋಟದಲ್ಲಿತ್ತು, ಬಾಯಿ ತೆರೆದಿತ್ತು. ಅವಳು ಹೋದ ಮೇಲೆ ನೋಡುತ್ತೇನೆ, ಮಾಮಿಯ ಅದೇ ಸ್ಥಿತಿಯ ಫೋಟೋ ಕುಟುಂಬದ ಗ್ರೂಪಿನಲ್ಲಿ, ಅವಳ ಸ್ಟೇಟಸ್ಸಿನಲ್ಲಿ! ಕೆಳಗೆ "ನಮ್ಮ ಉಮ್ಮನಿಗೆ ಎಲ್ಲರೂ ದುಆ ಮಾಡಿ" ಎಂದು ಬರೆದು ಅಳುವ ಮುಖಗಳನ್ನು ಸಾಲಾಗಿ ಕೂರಿಸಿದ್ದಳು. ಆಮೀನ್ ಮೇಲೆ ಆಮೀನ್ ಬೀಳುತ್ತಿತ್ತು. ನಡುವೆ ಯಾರೋ ತಮ್ಮ ಬಟ್ಟೆ ಅಂಗಡಿಯ ಆಫರನ್ನೂ ಹಾಕಿದ್ದರು.

ಮಾಮಿ ಹಜ್ಜಿನ ಪಾಸ್‌ಪೋರ್ಟಿಗಾಗಿ ಬಿಟ್ಟರೆ ಕ್ಯಾಮರಾದ ಮುಂದೆ ಕೂತವರೇ ಅಲ್ಲ. ಮದುವೆ ಮನೆಗಳಲ್ಲಿ ವಿಡಿಯೋದವ ಬಂದರೆ ಬಿರಿಯಾನಿ ನೋಡುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಹೋಗುವವರು. ಗಂಡ ಮತ್ತು ಮಕ್ಕಳನ್ನು ಬಿಟ್ಟರೆ ಗಂಡಸರು ಯಾರೂ ಅವರ ಕೂದಲು ಕಂಡಿರಲಿಲ್ಲ.

ಮರುದಿನ ನೆರೆಮನೆಯ ಹೆಂಗಸು ಬಂದರು. ಕೂರುವ ಮೊದಲೇ, "ಎಂತ ಮಾರಾಯ್ತಿ, ನಮ್ಮವರ ಫೋನಲ್ಲಿ, ಯಾರೋ ಕಳಿಸಿದ್ದಂತೆ, ನಿನ್ನ ಫೋಟೋ ನೋಡಿ ಹೆದರಿಯೇ ಹೋದೆ! ಕೂದಲೆಲ್ಲ ಇಷ್ಟು ಬೆಳ್ಳಗಾದದ್ದು ಯಾವಾಗ?" ಎಂದರು.

ಮಾಮಿಯ ಕೈಯಲ್ಲಿ ಉರುಳುತ್ತಿದ್ದ ತಸ್ಬಿಯ ಜಪಮಣಿ ನಿಂತಿತು. "ನನ್ನ ಕೂದಲು ನಿಮ್ಮವರ ಫೋನಲ್ಲಿ ಎಂತ ಮಾಡ್ತಾ ಉಂಟು?"

ಅವರು ಹೋದ ಮೇಲೆ ಮಾಮಿ ನನ್ನ ಫೋನಿಗಾಗಿ ಕೈ ಚಾಚಿದರು. ನಾನು ತೋರಿಸಿದೆ. ತೋರಿಸಬಾರದಿತ್ತು ಎಂದು ಆಮೇಲೆ ಹೇಳಿದವರಿದ್ದಾರೆ. ಯಾಕೆ ತೋರಿಸಬಾರದು? ಊರಿಡೀ ನೋಡಿದ ಮುಖವನ್ನು ಆ ಮುಖದವರೊಬ್ಬರೇ ನೋಡಬಾರದೇ?

ಅವರು ನೋಡಿ, ಹೊದಿಕೆ ತಲೆ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಆ ದಿನ ವಾಕರ್ ಮುಟ್ಟಲಿಲ್ಲ, ಮರುದಿನವೂ ಇಲ್ಲ. ಕರೆದರೆ, "ಎದ್ದು ಎಂತ ಮಾಡುದು? ಎಲ್ಲರೂ ನೋಡಿ ಆಯ್ತಲ್ಲ" ಎನ್ನುವರು. ಮಲಗಿದವರು ಮಲಗಿಯೇ ಉಳಿಯುತ್ತಾರೆ ಎಂದ ಡಾಕ್ಟರ ಮಾತು ನನಗೆ ನೆನಪಾಯಿತು.

ನಾದಿನಿಗೆ ಫೋನ್ ಮಾಡಿ ಆ ಫೋಟೋ ಅಳಿಸು ಎಂದೆ.

"ಎಂತ ಅತ್ತಿಗೆ, ಎಲ್ಲರೂ ಹಾಕುದೇ ಅಲ್ವಾ? ಎಷ್ಟು ಜನ ದುಆ ಮಾಡಿದ್ದಾರೆ ನೋಡಿ. ನನ್ನ ಉಮ್ಮ, ನನಗಿಲ್ಲದ ಚಿಂತೆ ನಿಮಗೆಂತಕ್ಕೆ? ನೀವು ಹೊರಗಿಂದ ಬಂದವರು."

"ಹೌದು, ಹೊರಗಿಂದ ಬಂದವಳೇ. ಬೆಡ್‌ಪ್ಯಾನ್ ತೆಗೆಯುವವಳೂ ನಾನೇ. ಅದರ ಫೋಟೋ ಬೇಕಾ ನಿನ್ನ ಸ್ಟೇಟಸ್ಸಿಗೆ?"

ಅವಳು ಫೋನ್ ಇಟ್ಟಳು. "ಸ್ವಲ್ಪ ಸುಮ್ಮನಿರು, ಸಂಬಂಧ ಹಾಳಾಗ್ತದೆ" ಎಂದರು ನನ್ನ ಗಂಡ. ಸಂಜೆಯ ಅಸರ್ ನಮಾಝ್ ಮುಗಿಸಿ, ಮುಸಲ್ಲಾದ ಚಾಪೆಯ ಮೇಲೆಯೇ ಕೂತು, ಗ್ರೂಪಿಗೆ ಒಂದು ವಾಯ್ಸ್ ಕಳಿಸಿದೆ. ನಮ್ಮ ಬ್ಯಾರಿ ಭಾಷೆಯಲ್ಲಿ ಬರೆಯುವವರು ಕಡಿಮೆ, ಎಲ್ಲರೂ ವಾಯ್ಸೇ ಕಳಿಸುವುದು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಮಾಮಿಯ ಫೋಟೋ ಯಾರ್ಯಾರ ಫೋನಲ್ಲಿ ಉಂಟೋ ಎಲ್ಲ ಅಳಿಸಿ. ಅಲ್ಲಾಹನಿಗೆ ಅವರ ಗುರುತು ಉಂಟು, ದುಆ ಕೇಳಲು ಅವನಿಗೆ ಫೋಟೋ ಬೇಡ. ಇನ್ನು ನಮ್ಮ ಮನೆಗೆ ಬರುವವರು ಬನ್ನಿ, ಫೋನ್ ಒಳಗೆ ಬರುದಿಲ್ಲ."

ಒಬ್ಬರು ಹೆಬ್ಬೆರಳು ಎತ್ತಿ, ಹೆದರಿ ಕೂಡಲೇ ಇಳಿಸಿದರು. ಸೂರ್ಯ ಮುಳುಗುವ ಮಗ್ರಿಬ್‌ನ ಹೊತ್ತಿಗೆ ನಾದಿನಿಯ ಗಂಡ, ಅವರೇ ಅಡ್ಮಿನ್, ನನ್ನನ್ನು ಗ್ರೂಪಿನಿಂದ ತೆಗೆದು ಹಾಕಿದ್ದರು. ಅದಕ್ಕೂ ಅಲ್‌ಹಮ್ದುಲಿಲ್ಲಾಹ್. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗಿಲ್ಲ, ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರಿಲ್ಲ, ಹತ್ತು ಜನರಿಗೆ ಕಳಿಸದಿದ್ದರೆ ಕೇಡು ಎಂಬ ಬೆದರಿಕೆಯಿಲ್ಲ.

ಹಬ್ಬಕ್ಕೆ ಹಣ್ಣು ತುಂಬಿ ಬಂದಿದ್ದ ಬೆತ್ತದ ಬುಟ್ಟಿಯೊಂದಿತ್ತು. ಬಾಗಿಲ ಹೊರಗೆ ಕುರ್ಚಿಯ ಮೇಲೆ ಇಟ್ಟೆ. ಚಪ್ಪಲಿ ಕೆಳಗೆ, ಫೋನ್ ಬುಟ್ಟಿಗೆ.

"ಇದೆಂತ, ವಿಮಾನ ನಿಲ್ದಾಣವಾ?" ಎಂದರು ಕಾಣಿಯೂರಿನಿಂದ ಬಂದ ಗಂಡನ ಚಿಕ್ಕಮ್ಮ.

"ಹೌದು ಚಿಕ್ಕಮ್ಮ. ಆದರೆ ಇಲ್ಲಿ ಚಹಾ ಪುಕ್ಕಟೆ."

ಕೆಲವರು ಮುಖ ಊದಿಸಿ ಬಾಗಿಲಿಂದಲೇ ಹಿಂದೆ ಹೋದರು. ಹೋಗಲಿ. ಒಳಗೆ ಬಂದವರು ಬೇರೆ ಕೆಲಸವಿಲ್ಲದೆ ಮಾತಾಡಿದರು. ಗೋಡೆ ನೋಡುತ್ತ ಮಲಗಿದ್ದ ಮಾಮಿ ಮೊದಲು ಕಿವಿ ಕೊಟ್ಟರು, ಆಮೇಲೆ ಹೊದಿಕೆಯೊಳಗಿಂದಲೇ ಒಂದೊಂದು ಉತ್ತರ ಕೊಟ್ಟರು. ಆದರೆ ಏಳಲಿಲ್ಲ.

ಒಂದು ಶುಕ್ರವಾರ ನಾದಿನಿ ಬಂದಳು. ಫೋನ್ ಕೈಯಲ್ಲಿ ಗಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಳು.

"ನನ್ನ ತವರಿಗೆ ಬರಲಿಕ್ಕೆ ನಿಮ್ಮ ಕಾನೂನಾ?"

ನಾನು ದಾರಿ ಬಿಡಲಿಲ್ಲ. ಒಳಗಿನಿಂದ ಮಾಮಿಯ ಸ್ವರ ಬಂತು: "ಕಾನೂನು ನನ್ನದು. ಅದನ್ನು ಅಲ್ಲಿ ಹಾಕು, ನೀನು ಇಲ್ಲಿ ಬಾ."

ಅವಳು ಹಾಕಿದಳು. ಮಂಚದ ತುದಿಯಲ್ಲಿ ಕೂತಳು. ಕೈಗಳನ್ನು ಎಲ್ಲಿ ಇಡಬೇಕೆಂದು ತೋಚದೆ ಹೊದಿಕೆಯ ಅಂಚು ಮಡಚುತ್ತಿದ್ದಳು. ಮಾಮಿ ದಿಂಬಿನ ಅಡಿಯಿಂದ ಬಾಚಣಿಗೆ ತೆಗೆದುಕೊಟ್ಟರು.

"ಕೈ ಖಾಲಿ ಉಂಟಲ್ಲ, ತಲೆ ಬಾಚು."

ಅವಳು ಎಣ್ಣೆ ಹಚ್ಚಿ ಬಾಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಉಮ್ಮಾ, ಕೂದಲು ಎಷ್ಟು ತೆಳ್ಳಗಾಗಿದೆ" ಎಂದಳು.

"ಊರಿಗೆಲ್ಲ ಗೊತ್ತುಂಟು, ನಿನಗೆ ಈಗ ಗೊತ್ತಾದದ್ದಾ?"

ಅವಳು ಅತ್ತಳು. ಹೊರಗೆ ಬುಟ್ಟಿಯಲ್ಲಿ ಅವಳ ಫೋನ್ ಬಡಿದುಕೊಳ್ಳುತ್ತಿತ್ತು. ಅವಳು ಏಳಲಿಲ್ಲ. ಆ ಫೋಟೋ ಇನ್ನೂ ಎಷ್ಟು ಜನರ ಫೋನಿನಲ್ಲಿ ಉಳಿದಿದೆಯೋ ಅಲ್ಲಾಹನೇ ಬಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಹೊರಡುವಾಗ ಅವಳು, "ಅತ್ತಿಗೆ, ಗ್ರೂಪಿಗೆ ವಾಪಸ್ ಸೇರಿಸಲಿಕ್ಕೆ ಹೇಳ್ತೇನೆ" ಎಂದಳು.

"ಬೇಡ. ಹೇಳುದಿದ್ದರೆ ಬಂದು ಹೇಳು. ಬುಟ್ಟಿ ಇಲ್ಲೇ ಇರ್ತದೆ."

ನಮ್ಮಿಬ್ಬರ ಹಿಂದೆ ವಾಕರಿನ ಸದ್ದು ಕೇಳಿತು. ಮಾಮಿ ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿದು ಪಿನ್ನು ಚುಚ್ಚಿಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು ಎದ್ದು ಬರುತ್ತಿದ್ದರು. ನಾವು ಎರಡೂ ಬದಿಗೆ ಸರಿದೆವು. ಅವರು ಬುಟ್ಟಿಯನ್ನು ದಾಟಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಜಗಲಿಯ ತುದಿಯವರೆಗೆ ಹೋಗಿ ನಿಂತರು.

"ಈಗ ನೋಡಲಿ," ಎಂದರು, "ನೋಡ್ಬೇಕಾದವರು."