ಗೋದತ್ತಿಗೆಯ ಪಟ್ಟೆ ಅಂಗಿಗಳು

ನಮ್ಮ ಅತ್ತಿಗೆ ಗೋದಾ ಮದುವೆಯಾಗಿ ಯಶವಂತಪುರದ ನಮ್ಮ ಮನೆಗೆ ಬಂದಾಗ ಬೆಳ್ಳಿ ಸಾಮಾನು ಎಷ್ಟು ತಂದಳೋ ನನಗೆ ನೆನಪಿಲ್ಲ, ಕೋಪವನ್ನಂತೂ ಧಾರಾಳವಾಗಿ ತಂದಿದ್ದಳು. ಹಾಲಿಗೆ ನೀರು ಬೆರೆಸುವವನ ಮೇಲೆ ಕೋಪ, ತಡವಾಗಿ ಬರುವ ರೈಲಿನ ಮೇಲೆ ಕೋಪ, ಆ ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ತಪ್ಪಿಗೆ ನಮ್ಮಣ್ಣ ವೇಣುಗೋಪಾಲನ ಮೇಲೂ ಕೋಪ. ಅಣ್ಣ ಒಂದಕ್ಕೂ ಎದುರಾಡುತ್ತಿರಲಿಲ್ಲ. ಅವನ ತಂಗಿಯಾದ ನಾನು ಸ್ಕೂಲಿನಲ್ಲಿ ಟೀಚರು, ಬಾಯಿ ಸುಮ್ಮನಿರುತ್ತಿರಲಿಲ್ಲ. ಎದುರಾಡಿ ಬೈಸಿಕೊಳ್ಳುತ್ತಿದ್ದೆ.

ಅತ್ತಿಗೆಯ ತಂದೆ ಜೈಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅವರ ಮನೆ ಜೈಲಿನ ಗೇಟಿನ ಎದುರಿಗೇ ಇತ್ತಂತೆ. ಬಿಡುಗಡೆಯಾದವರು ಹೊರಗೆ ಬಂದು, ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ತಿಳಿಯದೆ, ಕೈಯಲ್ಲೊಂದು ಗಂಟು ಹಿಡಿದು ನಿಲ್ಲುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. "ಒಳಗೆ ಹಾಕೋದಕ್ಕೆ ಪೊಲೀಸು, ಕೋರ್ಟು, ವ್ಯಾನು, ಎಲ್ಲಾ ಇದೆ. ಹೊರಗೆ ಬಂದವನನ್ನ ಊಟ ಆಯ್ತಾ ಅಂತ ಕೇಳೋದಕ್ಕೆ ಒಂದು ನರಪಿಳ್ಳೆ ಇಲ್ಲ!" ಎಂದು ಸಿಡುಕುತ್ತಿದ್ದಳು. ಹೀಗೆ ಸಿಡುಕುತ್ತಾ ಸಿಡುಕುತ್ತಾ ಐವತ್ತರ ದಶಕದ ಕೊನೆಯಲ್ಲಿ ನಮ್ಮ ಜಗಲಿಯ ಮೇಲೆ ಬಿಡುಗಡೆಯಾದವರ ಸಹಾಯ ಸಂಘವನ್ನು ಶುರು ಮಾಡಿಯೇ ಬಿಟ್ಟಳು. ನಿವೃತ್ತ ಜಡ್ಜೊಬ್ಬರು ಅಧ್ಯಕ್ಷರು. ಗ್ರೂಪ್ ಫೋಟೋ ತೆಗೆಸುವ ದಿನ ಅವರು ತಪ್ಪದೆ ಬರುತ್ತಿದ್ದರು. ಉಳಿದ ಕೆಲಸವೆಲ್ಲ ಅತ್ತಿಗೆಯದು. ಬಂದವರಿಗೆ ಊಟ ಹಾಕಿ, ಹಿತ್ತಲಿನ ಕೋಣೆಯಲ್ಲಿ ಚಾಪೆ ಕೊಟ್ಟು, ಅವರಿಗೊಂದು ಕೆಲಸ ಸಿಗುವವರೆಗೆ ಊರಿನವರ ಪ್ರಾಣ ತಿನ್ನುತ್ತಿದ್ದಳು.

ಒಮ್ಮೆ ಯಾವುದೋ ಬಟ್ಟೆ ಗಿರಣಿಯ ಧಣಿಗಳು ಸಂಘಕ್ಕೆ ಒಂದು ಗಾಡಿ ತುಂಬ ಬಟ್ಟೆ ದಾನ ಮಾಡಿದರು. ಗಿಳಿಹಸಿರು ಬಣ್ಣ, ಅದರ ಮೇಲೆ ಹೆಬ್ಬೆರಳಗಲದ ಇಟ್ಟಿಗೆಗೆಂಪು ಪಟ್ಟೆ. ಅಂಗಡಿಯಲ್ಲಿ ಯಾರೂ ಕೊಳ್ಳದ ಮಾಲು ದಾನಕ್ಕೆ ಬಂದಿದೆ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅತ್ತಿಗೆಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. "ಎಷ್ಟು ಗಟ್ಟಿ ಬಟ್ಟೆ ನೋಡೇ! ಹತ್ತು ವರ್ಷ ಒಗೆದ್ರೂ ಏನೂ ಆಗಲ್ಲ" ಎಂದಳು. ಆಗದಿರುವುದೇ ತೊಂದರೆ ಎಂದು ನಾನೆಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸ್ಟೇಷನ್ ರಸ್ತೆಯ ದರ್ಜಿ ರಹಮತುಲ್ಲಾ ಸಾಹೇಬರಿಗೆ ಬಟ್ಟೆಯ ತಾನುಗಳನ್ನು ಹೊರಿಸಿದಳು. ಅಂದಿನಿಂದ ಸಂಘಕ್ಕೆ ಬಂದ ಪ್ರತಿಯೊಬ್ಬನಿಗೂ ಗಿಳಿಹಸಿರಿನ ಎರಡು ಹೊಸ ಅಂಗಿ.

ಆ ಅಂಗಿ ತೊಟ್ಟು ನಮ್ಮ ಜಗಲಿಯಿಂದ ಇಳಿದವರಲ್ಲಿ ಕದಿರಪ್ಪನೂ ಒಬ್ಬ. ಅಟ್ಟೂರಿನ ಕಡೆಯವನು. ಕೆರೆ ನೀರಿನ ಜಗಳದಲ್ಲಿ ಗುದ್ದಲಿ ಬೀಸಿ ಒಬ್ಬನ ಕಾಲು ಮುರಿದು ನಾಲ್ಕು ವರ್ಷ ಒಳಗಿದ್ದ. ಅವನ ಹೆಂಡತಿ ಮುನಿಕೃಷ್ಣಮ್ಮ ಎಳೆಗೂಸನ್ನು ಎತ್ತಿಕೊಂಡು ಅಣ್ಣ ಆಂಜಿನಪ್ಪನ ಮನೆ ಸೇರಿದ್ದಳು. ಕದಿರಪ್ಪ ಹೊರಗೆ ಬಂದದ್ದು ತಿಳಿದು ಆಂಜಿನಪ್ಪ ಹೇಳಿಕಳಿಸಿದ್ದ: ಯುಗಾದಿಯೊಳಗೆ ಒಂದು ಕೆಲಸ ಹಿಡಿದರೆ ಹೆಂಡತಿ ಮಗುವನ್ನು ಕಳಿಸುತ್ತೇನೆ, ಇಲ್ಲವಾದರೆ ನಮ್ಮ ಮನೆಯ ಕಡೆ ತಲೆ ಹಾಕಬೇಡ.

ಕದಿರಪ್ಪ ದಿನವೂ ತಲೆ ಬಾಚಿಕೊಂಡು ಹೊರಡುತ್ತಿದ್ದ. ಸೌದೆ ಡಿಪೋ, ಹಿಟ್ಟಿನ ಗಿರಣಿ, ಇಟ್ಟಿಗೆ ಗೂಡು ಎಲ್ಲ ಸುತ್ತಿ ಸಂಜೆ ಹಿಂದಿರುಗುತ್ತಿದ್ದ. ಅತ್ತಿಗೆ ಬಾಗಿಲಲ್ಲೇ ಹಿಡಿದು ವಿಚಾರಿಸುವಳು.

"ಏನಯ್ಯ, ಇವತ್ತೂ ಇಲ್ವಾ?"

"ಇಲ್ಲ ಅಮ್ಮಾವ್ರೆ."

"ನಿಜವಾಗ್ಲೂ ಕೇಳಿದ್ಯೋ, ಇಲ್ಲ ಯಾವುದಾದ್ರೂ ಮರದ ಕೆಳಗೆ ಮಲಗಿದ್ದು ಬಂದ್ಯೋ?"

ಅವನು ನಕ್ಕು ಬಾವಿಯ ಕಡೆಗೆ ನಡೆಯುವನು. ಸೋಮಾರಿ ಎಂದು ಅತ್ತಿಗೆ ತೀರ್ಮಾನಿಸಿದಳು. ನಾನೂ ಹಾಗೆಯೇ ಅಂದುಕೊಂಡೆ.

ಯುಗಾದಿ ಇನ್ನೊಂದು ತಿಂಗಳಿದೆ ಎನ್ನುವಾಗ ಅಗಸ ಕೈಕೊಟ್ಟ. ಅಣ್ಣನಿಗೆ ತೊಡಲು ಒಂದೂ ಅಂಗಿಯಿಲ್ಲ. ಸಂಘಕ್ಕೆಂದು ಹೊಲಿದಿಟ್ಟಿದ್ದ ಅಂಗಿಯೊಂದನ್ನು ಅತ್ತಿಗೆ ಅವನ ಕೈಗೆ ಕೊಟ್ಟಳು. ಅಣ್ಣ ಎಂದಿನಂತೆ ತುಟಿ ಪಿಟಕ್ ಎನ್ನದೆ ತೊಟ್ಟುಕೊಂಡು ಗುಂಡಣ್ಣನ ಹೋಟೆಲಿಗೆ ಕಾಫಿ ಕುಡಿಯಲು ಹೋದ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದ.

"ಬೀದಿ ಕಡೆ ಬೆನ್ನು ಹಾಕಿ ಕೂತಿದ್ದೆ. ಗುಂಡಣ್ಣ ಹಿಂದಿನಿಂದ ಬಂದು, 'ಏಯ್, ನಿಮಗೆಲ್ಲ ಹೊರಗಡೆ ಬೆಂಚು ಅಂತ ಹೇಳಿಲ್ವೇನೋ? ಏಳು ಮೇಲೆ' ಅಂತ ರಟ್ಟೆ ಹಿಡಿದು ಎಬ್ಬಿಸಿಬಿಟ್ಟ ಕಣೇ! ಆಮೇಲೆ ಮುಖ ನೋಡಿ ಕೈ ಕೈ ಹಿಸುಕಿಕೊಂಡ. 'ತಪ್ಪಾಯ್ತು ಸ್ವಾಮಿ, ಅಂಗಿ ನೋಡಿ ಜೈಲಿಂದ ಬಂದೋನು ಅಂದ್ಕೊಂಡೆ. ಈ ಅಂಗಿ ಇಡೀ ಊರಿಗೇ ಗೊತ್ತಲ್ಲ' ಅಂದ."

ನಾನೂ ಜೋರಾಗಿ ನಕ್ಕೆ. ಅತ್ತಿಗೆ ನಗಲಿಲ್ಲ. ಹಿತ್ತಲಿಗೆ ಹೋಗಿ ಕದಿರಪ್ಪನೆದುರು ನಿಂತಳು.

"ನಿನಗೆ ಗೊತ್ತಿತ್ತೇನಯ್ಯ?"

"ಏನು ಅಮ್ಮಾವ್ರೆ?"

"ಈ ಅಂಗಿ ನೋಡೇ ಎಲ್ಲರೂ ಬಾಗಿಲು ಹಾಕ್ತಾರೆ ಅಂತ."

ಕದಿರಪ್ಪ ನೆಲ ನೋಡಿದ. "ಗೊತ್ತಿತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಎಂಗೆ ಏಳಾದು? ನೀವು ಅಷ್ಟು ಆಸೆಯಿಂದ ಒಲ್ಸಿ ಕೊಟ್ರಿ. ಅಬ್ಬಕ್ಕೂ ನಂಗ್ಯಾರೂ ಒಸ ಬಟ್ಟೆ ಕೊಟ್ಟೋರಿಲ್ಲ."

ಅತ್ತಿಗೆ ಅಡುಗೆಮನೆಗೆ ಬಂದು, ಒಲೆಯ ಮುಂದೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ಎಷ್ಟು ಅಕ್ಕರೆಯಿಂದ ಮಾಡಿದ ಕೆಲಸ! ಜೈಲಿನವರು ಕಳಚಿ ಕಳಿಸಿದ ಸಮವಸ್ತ್ರವನ್ನು ಅವಳೇ ತನ್ನ ಕೈಯಾರೆ ಮತ್ತೆ ತೊಡಿಸಿದ್ದಳು.

"ಅವನಿಗೊಂದು ಬಿಳಿ ಅಂಗಿ ಕೊಡಿಸಿದರಾಯ್ತು ಬಿಡು" ಎಂದ ಅಣ್ಣ.

"ಇವನಿಗೆ ಕೊಡಿಸ್ತೀರಿ. ಈಗಾಗ್ಲೇ ಹಾಕ್ಕೊಂಡು ಓಡಾಡ್ತಿರೋರಿಗೆಲ್ಲ ಏನು ಮಾಡ್ತೀರಿ? ಅವರ ಬೆನ್ನ ಮೇಲೆ ಬರೆದಂಗಾಗಿದೆಯಲ್ಲ" ಎಂದು ಕಣ್ಣೊರೆಸಿಕೊಂಡು ಎದ್ದಳು. ಅಳು ಮುಗಿದಿತ್ತು, ಕೋಪ ಬಂದಿತ್ತು. ಇನ್ನು ಭಯವಿಲ್ಲ ಎಂದುಕೊಂಡೆ.

ನೇರವಾಗಿ ರಹಮತುಲ್ಲಾ ಸಾಹೇಬರ ಅಂಗಡಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಉಳಿದ ತಾನುಗಳನ್ನು ಸುಡುತ್ತೇನೆ ಎಂದು ಕೂಗಾಡಿದಳು. ಸಾಹೇಬರು ಮೆಷಿನ್ನು ನಿಲ್ಲಿಸಿ ನಿಧಾನವಾಗಿ ಹೇಳಿದರು: "ಸುಡೋದು ಯಾಕಮ್ಮ? ಹಬ್ಬ ಬಂತು. ಒಂದೇ ತಾನಲ್ಲಿ ಮನೆಮಂದಿಗೆಲ್ಲ ಹೊಲಿದುಕೊಡಿ ಸಾಬ್ರೆ ಅಂತ ಎಲ್ರೂ ಬರ್ತಾರೆ. ಯುಗಾದಿ ದಿನ ನಿಮ್ಮ ಬೀದೀಲಿ ನೋಡಿ, ಅಪ್ಪಂಗೆ ಅದೇ, ಮಗಂಗೆ ಅದೇ, ಕಿಟಕಿ ಪರದೆಗೂ ಅದೇ."

ಅತ್ತಿಗೆ ಒಂದು ತಾನನ್ನು ಎತ್ತಿ ಮೇಜಿನ ಮೇಲೆ ಹರವಿದಳು. ಆಮೇಲೆ, "ಸಾಹೇಬರೇ, ಕತ್ತರಿ ಸಾಣೆ ಹಿಡಿಸಿ" ಎಂದಳು.

ಬೀದಿಗೆಲ್ಲ ಅದೇ ಬಟ್ಟೆ ಹಂಚಲು ಮೊದಲು ಹೋದದ್ದು ಗುಂಡಣ್ಣನಲ್ಲಿಗೆ. ಅವನಿಗೆ ಮನೆ ತುಂಬ ಮಕ್ಕಳು. ಹಬ್ಬ ಬಂತೆಂದರೆ ಜ್ವರ ಬಂದವನಂತೆ ಇರುತ್ತಿದ್ದ.

"ಅಂಗಿ ನೋಡಿದ್ರೆ ಜನ ಏನಂತಾರಮ್ಮ?" ಎಂದು ರಾಗ ಎಳೆದ.

"ಏನಂತಾರೆ? ಜಡ್ಜು ಸಾಹೇಬರೇ ಈ ಬಟ್ಟೇಲಿ ಹೊಲಿಸ್ತಿದಾರೆ. ನಿಮಗೆ ಬೇಡ್ವಾ? ಬಿಟ್ಟಿ ಕೊಡ್ತಿದೀನಿ."

ಜಡ್ಜು ಸಾಹೇಬರಿಗೆ ಆ ವಿಷಯ ಇನ್ನೂ ಗೊತ್ತಿರಲಿಲ್ಲ. ಸಂಜೆ ಅವರ ಮನೆಗೆ ಹೋಗಿ, ಹಬ್ಬದ ದಿನ ಹೊಸ ಗ್ರೂಪ್ ಫೋಟೋ ಇದೆ ಎಂದು ಹೇಳಿ ಅಳತೆ ತೆಗೆಸಿಕೊಂಡು ಬಂದಳು. ಆಮೇಲೆ ಬೀದಿಯವರೆಲ್ಲ ತಾವಾಗಿಯೇ ಬಂದರು. ಅತ್ತಿಗೆಯ ಮೇಲಿನ ಗೌರವವೇ, ಕೈದಿಗಳ ಮೇಲಿನ ಕರುಣೆಯೇ? ಎರಡೂ ಅಲ್ಲ, ಬಟ್ಟೆ ಬಿಟ್ಟಿಯಾಗಿತ್ತು. ಒಬ್ಬಿಬ್ಬರು ಮೂಗು ಮುರಿದರು. ಅವರ ಹೆಂಡತಿಯರು ಹಿಂಬಾಗಿಲಿನಿಂದ ಬಂದು ಮಕ್ಕಳಿಗೆಂದು ಒಯ್ದರು.

ರಹಮತುಲ್ಲಾ ಸಾಹೇಬರಿಗೆ ಕೈ ಸಾಲದಾಯಿತು. ಗುಂಡಿ ಹೊಲಿಯಲು, ಕಾಜಾ ಹಾಕಲು ಒಬ್ಬ ಬೇಕು ಎಂದರು. ಅತ್ತಿಗೆ ಕದಿರಪ್ಪನನ್ನು ಕೂರಿಸಿದಳು. ಗುದ್ದಲಿ ಹಿಡಿದ ಕೈಗೆ ಸೂಜಿ ಎಲ್ಲಿ ಒಗ್ಗೀತು? ಮೊದಲ ದಿನ ಅವನು ಹಾಕಿದ ಕಾಜಾದಲ್ಲಿ ಹೆಬ್ಬೆರಳೇ ತೂರುತ್ತಿತ್ತು. ಸಾಹೇಬರು ತಲೆ ಚಚ್ಚಿಕೊಂಡು, ಬಿಚ್ಚಿಸಿ, ಮತ್ತೆ ಹಾಕಿಸಿದರು. ಹದಿನೈದು ದಿನದಲ್ಲಿ ಅವನ ಕೈ ಕುದುರಿತು. ಹಬ್ಬದ ಮುನ್ನಾದಿನ ಸಾಹೇಬರು ಅತ್ತಿಗೆಗೆ ಹೇಳಿದರು: "ಇವನನ್ನ ಹಬ್ಬ ಆದ್ಮೇಲೂ ಕಳಿಸೋದಿಲ್ಲ. ಇಲ್ಲೇ ಇರ್ಲಿ." ಅತ್ತಿಗೆ ಅಂದೇ ಆಂಜಿನಪ್ಪನಿಗೆ ಹೇಳಿಕಳಿಸಿದಳು.

ಯುಗಾದಿಯ ಮಧ್ಯಾಹ್ನ ಯಲಹಂಕದ ಕಡೆಯಿಂದ ಬಂದ ರೈಲಿನಲ್ಲಿ ಮುನಿಕೃಷ್ಣಮ್ಮ ಮಗಳ ಕೈಹಿಡಿದು ಇಳಿದಳು. ನಾನೂ ಅತ್ತಿಗೆಯೂ ಕರೆದುಕೊಂಡು ಬಂದೆವು. ದಾರಿಯುದ್ದಕ್ಕೂ ಅವಳು ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಂಡಳು. ಗಂಡನನ್ನು ಪೊಲೀಸರು ಕರೆದೊಯ್ದಾಗ ನೋಡಿದ್ದೇ ಕೊನೆ.

ನಮ್ಮ ಬೀದಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಎದುರಿನ ಕಟ್ಟೆಯ ಮೇಲೆ ಹೋಳಿಗೆ ಉಂಡ ಗಂಡಸರೆಲ್ಲ ಇಸ್ಪೀಟಿಗೆ ಕೂತಿದ್ದರು. ಅಣ್ಣ, ಗುಂಡಣ್ಣ, ರಹಮತುಲ್ಲಾ ಸಾಹೇಬರು, ಫೋಟೋಗೆ ಬಂದು ಆಟದಲ್ಲಿ ಸಿಕ್ಕಿಕೊಂಡ ಜಡ್ಜು, ಅವರ ಪಕ್ಕದಲ್ಲಿ ಕದಿರಪ್ಪ. ಎಲ್ಲರ ಬೆನ್ನೂ ನಮ್ಮ ಕಡೆಗೆ. ಎಲ್ಲ ಬೆನ್ನಿನ ಮೇಲೂ ಗಿಳಿಹಸಿರು, ಇಟ್ಟಿಗೆಗೆಂಪು ಪಟ್ಟೆ.

ಮುನಿಕೃಷ್ಣಮ್ಮ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಮ್ಮಾವ್ರೆ, ಇವ್ರಾಗೆ ನಮ್ಮೆಜಮಾನ್ರು ಯಾರು? ನಂಗೆ ಗೊತ್ತಾಯ್ತಾ ಇಲ್ವಲ್ಲ."

ನಾನು ತೋರಿಸಲು ಕೈ ಎತ್ತಿದೆ. ಅತ್ತಿಗೆ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮುಖದ ತುಂಬ ನಗುವಿತ್ತು.

"ಇನ್ನೊಂದ್ಸಲ ಕೇಳಮ್ಮ" ಎಂದಳು.